ಸಿಂಧನೂರು–ಲಿಂಗಸುಗೂರು ದಾರಿಯ ವಾದ್ಯಪಾಠದ ಮನೆಗಳು

ಕಳೆದ ಶ್ರಾವಣದಲ್ಲಿ ಸಿಂಧನೂರಿನ ಸದ್ಭಕ್ತರ ಬಿನ್ನಹದಂತೆ ಶರಣ ಚರಿತ್ರೆಯ ಪ್ರವಚನಕ್ಕಾಗಿ ನಾವು ಆ ಊರಿನಲ್ಲಿ ಒಂದು ತಿಂಗಳು ತಂಗಿದ್ದೆವು. ಅದರ ಹಿಂದಿನ ಶ್ರಾವಣವನ್ನೂ ಅಲ್ಲಿಯೇ ಕಳೆದಿದ್ದೆವು. ಆದ್ದರಿಂದ ಊರು ಹೊಸದಲ್ಲ, ವೇದಿಕೆ ಹೊಸದಲ್ಲ, ಮುಂದೆ ಕುಳಿತ ಮುಖಗಳೂ ಬಹುಮಟ್ಟಿಗೆ ಹೊಸವಲ್ಲ. ಮೊದಲ ದಿನ ಸಂಜೆ ಪ್ರಾರ್ಥನೆಗೆ ಮುನ್ನ ಎಡಕ್ಕೆ ತಿರುಗಿ ನೋಡಿದರೆ ಪೇಟಿಯ ಮುಂದೆ ಹಳೆಯ ಗವಾಯಿಗಳೇ ಕುಳಿತಿದ್ದರು. ಬಲಕ್ಕೆ ನೋಡಿದಾಗ ಮಾತ್ರ, ತಬಲದ ಮುಂದೆ ಅಪರಿಚಿತ ತರುಣರೊಬ್ಬರಿದ್ದರು.

ಹಿಂದಿನ ವರ್ಷ ತಬಲ ಸಾಥ್ ನೀಡಿದವರು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದವರು. ಬಾಲ್ಯದಿಂದಲೇ ಕಣ್ಣಿನ ಬೆಳಕಿಲ್ಲದವರು. ಪ್ರವಚನಕ್ಕೆ ತಬಲ ನುಡಿಸುವುದು ಕಚೇರಿಗೆ ನುಡಿಸಿದಂತಲ್ಲ. ಮಾತು ಹಾಡಾಗುವ ಕ್ಷಣವನ್ನು ಮುಂಚೆಯೇ ಅರಿಯಬೇಕು. ಹಾಡು ಮರಳಿ ಮಾತಿಗೆ ಇಳಿಯುವಾಗ ಕೈಯನ್ನು ಸದ್ದಿಲ್ಲದೆ ಹಿಂದೆಗೆದುಕೊಳ್ಳಬೇಕು. ನಾವು ಉಸಿರೆಳೆದುಕೊಳ್ಳುವ ಬಗೆಯಿಂದಲೇ ಅವರು ಮುಂದಿನದನ್ನು ತಿಳಿಯುತ್ತಿದ್ದರು. ನಲವತ್ತು ವರ್ಷಗಳ ಪ್ರವಚನ ಜೀವನದಲ್ಲಿ ಅಂಥ ಸಾಥ್ ನಮಗೆ ದೊರೆತದ್ದು ಅಪರೂಪ. ಹಗಲು ಹೊತ್ತಿನಲ್ಲಿ ಅವರು ಊರಿನ ಮನೆಮನೆಗೆ ಹೋಗಿ ಮಕ್ಕಳಿಗೆ ತಬಲ ಹೇಳಿಕೊಡುತ್ತಿದ್ದರೆಂಬುದು ನಮಗೆ ಗೊತ್ತಿತ್ತು.

ಪ್ರಸಾದಕ್ಕೆ ಕುಳಿತಾಗ ಗವಾಯಿಗಳನ್ನು ವಿಚಾರಿಸಿದೆವು. "ಅವ್ರು ಊರು ಬಿಟ್ಟಾರ್ರಿ, ಶಾಸ್ತ್ರಿಗಳ. ಲಿಂಗಸೂರಾಗ ಅದಾರ" ಎಂದಷ್ಟೇ ಹೇಳಿ ಅವರು ಮಾತು ಬದಲಿಸಿದರು. ಮೂರನೆಯ ದಿನ ಮತ್ತೆ ಕೇಳಿದಾಗ, ಬಹಳ ಸಂಕೋಚದಿಂದ ನಿಜ ಹೊರಬಿತ್ತು. ಅವರು ಊರು ಬಿಡಲು ನಮ್ಮ ಮಾತೇ ಕಾರಣವಾಗಿತ್ತು.

ಹಿಂದಿನ ಶ್ರಾವಣದಲ್ಲಿ ಗಾನಯೋಗಿ ಪಂಚಾಕ್ಷರಿ ಗವಾಯಿಗಳ ಚರಿತ್ರೆಯನ್ನು ಹೇಳಿದ ದಿನ ನಾವು ಆವೇಶಗೊಂಡಿದ್ದೆವು. ನಾದವು ಶಿವಸ್ವರೂಪ, ಅದನ್ನು ತಿಂಗಳಿಗಿಷ್ಟೆಂದು ಮಾರುವುದು ಶರಣ ಧರ್ಮಕ್ಕೆ ಸಲ್ಲದು, ಸಂಗೀತ ಪಾಠವೆಂಬುದು ದಾಸೋಹವಾಗಬೇಕು ಎಂದು ಘಂಟಾಘೋಷವಾಗಿ ನುಡಿದಿದ್ದೆವು. ಸಭೆ ದೀರ್ಘವಾಗಿ ಚಪ್ಪಾಳೆ ತಟ್ಟಿತು. ಆ ವಾರದಲ್ಲಿಯೇ ಮೂರು ಮನೆಗಳವರು ತಬಲ ಮಾಸ್ತರರಿಗೆ, "ಶಾಸ್ತ್ರಿಗಳ ಹೇಳ್ಯಾರಲ್ಲ, ವಿದ್ಯಾ ಮಾರಬಾರದಂತ" ಎಂದು ತಿಂಗಳ ಹಣವನ್ನು ನಿಲ್ಲಿಸಿದರಂತೆ. ಅವರ ಮಕ್ಕಳು ಪಾಠಕ್ಕೆ ಬರುವುದು ಮಾತ್ರ ನಿಲ್ಲಲಿಲ್ಲ. ಅದನ್ನು ಕಂಡು ಬೇರೆ ಮನೆಗಳವರೂ ಅರ್ಧಕ್ಕಿಳಿಸಿದರು. ಮಗುವೊಂದಕ್ಕೆ ತಿಂಗಳಿಗೆ ೪೦೦ ರೂಪಾಯಿ. ಅದರಲ್ಲಿಯೇ ಮನೆ ಬಾಡಿಗೆ, ಅದರಲ್ಲಿಯೇ ದಿನಸಿ. ದೀಪಾವಳಿಯ ಹೊತ್ತಿಗೆ ಅವರು ತಬಲ ಕಟ್ಟಿಕೊಂಡು ಲಿಂಗಸುಗೂರಿಗೆ ಹೊರಟುಹೋದರು. ಆ ಮಾತು ಆಡುವಾಗ ಅವರು ನಮ್ಮಿಂದ ಮೂರು ಮೊಳ ದೂರದಲ್ಲಿ ಕುಳಿತಿದ್ದರು ಎಂಬುದು ನೆನಪಾಗಿ ಅಂದು ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಪ್ರವಚನ ಸಂಜೆ ಏಳಕ್ಕೆ. ಹಗಲೆಲ್ಲ ಬಿಡುವು. ಲಿಂಗಸುಗೂರಿಗೆ ಹೋಗಿಬರಬೇಕೆಂದು ನಿಶ್ಚಯಿಸಿದೆವು. ಆದರೆ ಹೋಗುವ ಮುನ್ನ, ಯಾವುದರ ಬಗ್ಗೆ ಅಷ್ಟು ಗಟ್ಟಿಯಾಗಿ ಮಾತನಾಡಿದ್ದೆವೋ ಆ ಪಾಠ ಹೇಗೆ ನಡೆಯುತ್ತದೆಂಬುದನ್ನಾದರೂ ಕಣ್ಣಾರೆ ನೋಡಬೇಕೆನಿಸಿತು. ಗವಾಯಿಗಳು ಮರುದಿನ ಬೆಳಗ್ಗೆ ಆರಕ್ಕೆ ತಮ್ಮ ಮನೆಗೆ ಬರಹೇಳಿದರು.

ತುಂಗಭದ್ರಾ ಎಡದಂಡೆ ನಾಲೆಯ ನೀರು ಬಂದ ಮೇಲೆ ಸಿಂಧನೂರು ಬತ್ತದ ಊರಾಯಿತು. ಊರ ಸುತ್ತ ಅಕ್ಕಿ ಗಿರಣಿಗಳು, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು, ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಪುನರ್ವಸತಿ ಕ್ಯಾಂಪುಗಳು. ೨೦೨೪ರಲ್ಲಿ ರೈಲೂ ಬಂದಿದೆ. ಇಷ್ಟೆಲ್ಲ ಜನ ಕೂಡಿದ ಊರಿನಲ್ಲಿ ಬೆಳಗಿನ ಹೊತ್ತು ಒಂದು ಓಣಿಯಲ್ಲಿ ನಡೆದುಹೋದರೆ, ಒಂದು ಮನೆಯಲ್ಲಿ ವಚನ, ಇನ್ನೊಂದರಲ್ಲಿ ದಾಸರ ಪದ, ಮತ್ತೊಂದರಲ್ಲಿ ತೆಲುಗು ಭಜನೆ ಕೇಳಿಸುತ್ತದೆ. ಬಂಗಾಲಿ ಕ್ಯಾಂಪುಗಳಲ್ಲಿ ಖೋಲ್ ಬಾರಿಸಿ ನಾಮಕೀರ್ತನೆ ಮಾಡುತ್ತಾರೆ. ಎಲ್ಲ ಕಡೆಯೂ ನಡುವೆ ಇರುವುದು ಒಂದೇ ಪೇಟಿ.

ಗವಾಯಿಗಳ ಮನೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಏಳು ಮಕ್ಕಳು ಕುಳಿತಿದ್ದರು. ಪೇಟಿ ಒಂದೇ. ಉಳಿದ ಆರು ಮಕ್ಕಳ ಮುಂದೆ ರಟ್ಟಿನ ತುಂಡುಗಳು; ಅವುಗಳ ಮೇಲೆ ಮಸಿಯಿಂದ ಕರಿಮನೆ ಬಿಳಿಮನೆಗಳನ್ನು ಬರೆದಿದ್ದರು. ಪೇಟಿಯ ಮುಂದಿನ ಮಗು ನುಡಿಸುವಾಗ ಉಳಿದವರು ರಟ್ಟಿನ ಮೇಲೆ ಅದೇ ಬೆರಳನ್ನು ಅದೇ ಮನೆಯ ಮೇಲಿಟ್ಟು ಬಾಯಿಯಿಂದ ಸ್ವರ ಹೇಳಬೇಕು. ಸಾ ರೇ ಗ, ರೇ ಗ ಮ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ ಅಲಂಕಾರಗಳು. ತಪ್ಪಿದರೆ ಮತ್ತೆ ಕೆಳಗಿನ ಮೆಟ್ಟಿಲಿನಿಂದ. ಹೆಬ್ಬೆರಳನ್ನು ಕರಿಮನೆಗೆ ತಾಗಿಸಿದ ಹುಡುಗಿಯೊಬ್ಬಳಿಗೆ ಗವಾಯಿಗಳು ಏನೂ ಹೇಳದೆ ಅವಳ ಬೆರಳನ್ನೆತ್ತಿ ಸರಿಯಾದ ಕಡೆ ಇಟ್ಟರು. ಒಂದು ಗಂಟೆಯಲ್ಲಿ ಅದೇ ಕೆಲಸವನ್ನು ಅವರು ಎಷ್ಟು ಸಲ ಮಾಡಿದರೆಂದು ಎಣಿಸಲು ಹೋಗಿ ಮೂವತ್ತಕ್ಕೆ ನಿಲ್ಲಿಸಿದೆವು. ನಾವು ಒಂದು ಪ್ರವಚನವನ್ನು ಎರಡನೆಯ ಸಲ ಹೇಳಬೇಕಾದರೆ ಬೇಸರಿಸುವವರು.

ಮಕ್ಕಳು ಶಾಲೆಗೆ ಹೋದ ಮೇಲೆ ಗವಾಯಿಗಳು ತಮ್ಮ ವರ್ಷದ ಲೆಕ್ಕವನ್ನು ಬಿಡಿಸಿಟ್ಟರು. ಶ್ರಾವಣದಲ್ಲಿ ಒಂದು ತಿಂಗಳ ಪುರಾಣ. ನವರಾತ್ರಿಯಲ್ಲಿ ಒಂಬತ್ತು ದಿನ ದೇವಿ ಪುರಾಣ; ಅದನ್ನು ರಚಿಸಿದ ಚಿದಾನಂದಾವಧೂತರ ನೆಲೆಯಾದ ಸಿದ್ಧಪರ್ವತದ ಅಂಬಾಮಠ ಇದೇ ಸಿಂಧನೂರು ತಾಲ್ಲೂಕಿನಲ್ಲಿಯೇ ಇದೆ. ಸುಗ್ಗಿಯ ನಂತರ ಜಾತ್ರೆಗಳು, ಹಳ್ಳಿಯ ನಾಟಕಗಳು. ಉಳಿದ ಐದಾರು ತಿಂಗಳು ಮನೆ ನಡೆಯುವುದು ಪಾಠದಿಂದ ಮಾತ್ರ. ಪುರಾಣದ ಸಂಭಾವನೆ ಬರುವ ದಿನ ಗೊತ್ತು, ಪಾಠದ ಹಣ ಬರುವ ದಿನ ಗೊತ್ತಿಲ್ಲ. ಗಣಿತದ ಟ್ಯೂಷನ್ನಿಗೆ ತಿಂಗಳ ಮೊದಲ ತಾರೀಖಿಗೇ ಹಣ ಕಟ್ಟುವ ಪಾಲಕರು ಸಂಗೀತದ ಮಾಸ್ತರರಿಗೆ, "ಮುಂದಿನ ವಾರ ಕೊಟ್ರ ನಡೀತದಲ್ರಿ" ಎನ್ನುತ್ತಾರೆ. ಇದನ್ನು ಅವರು ದೂರಿನ ದನಿಯಲ್ಲಿ ಹೇಳಲಿಲ್ಲ. ಮಳೆಯ ಬಗ್ಗೆ ಹೇಳುವಂತೆ ಹೇಳಿದರು.

ಮುಂದಿನ ದಿನ ಬೆಳಗಿನ ಬಸ್ಸಿನಲ್ಲಿ ಹೊರಟೆವು. ಬಳ್ಳಾರಿಯ ಕಡೆಯಿಂದ ಬಂದ ಹೆದ್ದಾರಿ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳನ್ನು ಒಂದೇ ದಾರದಲ್ಲಿ ಪೋಣಿಸಿಕೊಂಡು ಉತ್ತರಕ್ಕೆ ಸಾಗುತ್ತದೆ. ತಬಲ ಮಾಸ್ತರರ ಮನೆಯ ಗುರುತು ತಿಳಿದವರು ಮಸ್ಕಿಯಲ್ಲಿರುವ ವೃದ್ಧ ಪೇಟಿ ಮಾಸ್ತರರು ಮಾತ್ರವೆಂದು ಗವಾಯಿಗಳು ಹೇಳಿದ್ದರಿಂದ ಮಸ್ಕಿಯಲ್ಲಿ ಇಳಿದೆವು.

ಮಸ್ಕಿಗೆ ಹೋದವರು ಬೆಟ್ಟದ ಮೇಲಿನ ಮಲ್ಲಿಕಾರ್ಜುನನ ದರ್ಶನವನ್ನೂ ಅಶೋಕನ ಶಾಸನವನ್ನೂ ಬಿಡಬಾರದು. ೧೯೧೫ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಇಂಜಿನಿಯರರ ಕಣ್ಣಿಗೆ ಬಿದ್ದ ಶಾಸನವದು. ಅದುವರೆಗೆ ದೊರೆತ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಆ ಬಿರುದಿನವನು ಅಶೋಕನೇ ಎಂಬುದನ್ನು ಹೆಸರು ಹಿಡಿದು ತಿಳಿಸಿದ್ದು ಈ ಬಂಡೆ. ಧರ್ಮದ ಫಲ ದೊಡ್ಡವರಿಗೆ ಮಾತ್ರ ದಕ್ಕುವಂಥದಲ್ಲ, ಸಣ್ಣವರಿಗೂ ಅದು ಸಾಧ್ಯವೆಂಬುದೇ ಅದರ ತಾತ್ಪರ್ಯ. ಹಿಂದೆ ಎರಡು ಸಲ ಅದನ್ನು ನೋಡಿದ್ದರಿಂದಲೂ ಹೊತ್ತು ಕಡಿಮೆ ಇದ್ದುದರಿಂದಲೂ ಈ ಸಲ ದೂರದಿಂದಲೇ ಕೈಮುಗಿದು ಮಾಸ್ತರರ ಮನೆ ಹುಡುಕಿದೆವು.

ಆ ಮಾಸ್ತರರಿಗೆ ಎಂಬತ್ತು ಸಮೀಪಿಸಿದೆ. ಅವರ ಹರೆಯವೆಲ್ಲ ಹಳ್ಳಿಗಳ ನಾಟಕ ಕಲಿಸುವುದರಲ್ಲಿ ಕಳೆದಿದೆ. ನಮ್ಮ ಸೀಮೆಯಲ್ಲಿ 'ಪೇಟಿ ಮಾಸ್ತರ' ಎಂದರೆ ಬರಿಯ ಪೇಟಿ ನುಡಿಸುವವರಲ್ಲ. ಊರವರು ನಾಟಕ ಆಡಬೇಕೆಂದರೆ ಮಾಸ್ತರರು ಎರಡು ಮೂರು ತಿಂಗಳು ಆ ಊರಿನಲ್ಲಿಯೇ ಇದ್ದು, ಅಕ್ಷರ ಬಾರದ ಒಕ್ಕಲುಮಕ್ಕಳಿಗೆ ಮಾತು, ಹಾಡು, ಅಭಿನಯವನ್ನೆಲ್ಲ ಬಾಯಿಂದ ಬಾಯಿಗೆ ಕಲಿಸಬೇಕು. ಊಟಕ್ಕೆ ದಿನಕ್ಕೊಂದು ಮನೆ, ಕೊನೆಗೆ ಊರೊಟ್ಟಿನ ಸಂಭಾವನೆ. ಆ ಕಾಲ ಮುಗಿದ ಮೇಲೆ ಅವರು ಮನೆಯಲ್ಲಿಯೇ ನಾಲ್ಕಾರು ಮಕ್ಕಳಿಗೆ ಪಾಠ ಹೇಳುತ್ತ, ಕೆಟ್ಟ ಪೇಟಿಗಳನ್ನು ದುರಸ್ತಿ ಮಾಡುತ್ತ ಇದ್ದಾರೆ.

ನಾವು ಹೋದಾಗ ಒಂದು ಪೇಟಿಯ ಹೊಟ್ಟೆ ಬಿಚ್ಚಿ ಕುಳಿತಿದ್ದರು. ಹಿತ್ತಾಳೆಯ ಸಣ್ಣ ನಾಲಿಗೆಗಳ ಸಾಲು. ತಿದಿಯ ಗಾಳಿಗೆ ಅವು ಕಂಪಿಸಿದಾಗ ಸ್ವರ ಹೊರಡುತ್ತದೆ. ನಾಲಿಗೆಯ ತುದಿಯನ್ನು ಚೂರು ಹೆರೆದರೆ ಸ್ವರ ಏರುತ್ತದೆ, ಬುಡವನ್ನು ಹೆರೆದರೆ ಇಳಿಯುತ್ತದೆ. "ಹೆಚ್ಚು ಹೆರದ್ರ ನಾಲಿಗಿ ಮುರೀತದರಿ, ಶಾಸ್ತ್ರಿಗಳ. ಮನಷ್ಯಾನ ನಾಲಿಗಿ ಹಂಗಲ್ಲ, ಎಷ್ಟ ಹೆರದ್ರೂ ಅಷ್ಟ" ಎಂದು ನಕ್ಕರು. ನಮ್ಮ ಸಂಗತಿ ಅವರಿಗೆ ತಿಳಿದಿತ್ತೋ ಇಲ್ಲವೋ, ನಮಗಂತೂ ಚುರುಕೆಂದಿತು.

ಈ ವಾದ್ಯದ ಹುಟ್ಟು ನಮ್ಮಲ್ಲಿಯದಲ್ಲವೆಂದು ತಿಳಿದವರು ಅದನ್ನು ಕೀಳೆಣಿಸುವುದುಂಟು. ೧೮೪೨ರಲ್ಲಿ ಪ್ಯಾರಿಸ್ಸಿನ ದೆಬೆಯ್ನ್ ಎಂಬುವರು ಹಾರ್ಮೋನಿಯಂ ಎಂಬ ಹೆಸರಿನಲ್ಲಿ ಹಕ್ಕುಪತ್ರ ಪಡೆದರು. ಕಾಲಿನಿಂದ ತುಳಿದು ನುಡಿಸುವ ಆ ವಾದ್ಯವನ್ನು ನೆಲದ ಮೇಲೆ ಕುಳಿತು ಕೈಯಿಂದ ತಿದಿಯೊತ್ತುವಂತೆ ಮಾಡಿದವರು ಕಲ್ಕತ್ತೆಯ ದ್ವಾರಕಾನಾಥ ಘೋಷರು. ಇದರ ಸ್ವರಸ್ಥಾನಗಳು ಮೊದಲೇ ಕಟ್ಟಿಟ್ಟವಾದ್ದರಿಂದ ರಾಗದ ಮೀಂಡು, ಸೂಕ್ಷ್ಮ ಶ್ರುತಿಗಳು ಇದರಲ್ಲಿ ಬಾರವೆಂಬುದು ಪಂಡಿತರ ಆಕ್ಷೇಪ. ಆಕಾಶವಾಣಿಯು ೧೯೪೦ರಿಂದ ೧೯೭೧ರವರೆಗೆ ಇದನ್ನು ತನ್ನ ನಿಲಯಗಳಿಂದ ದೂರವಿಟ್ಟಿತ್ತು. ನಮ್ಮ ಹಳ್ಳಿಗಳ ಭಜನೆಯವರು ಅದಕ್ಕಾಗಿ ಕಾಯುತ್ತ ಕೂರಲಿಲ್ಲ. ಪಂಡಿತರ ಮಾತು ಸುಳ್ಳಲ್ಲ. ಆದರೆ ಹತ್ತು ಜನ ಒಕ್ಕಲಿಗರು ರಾತ್ರಿ ಕೂಡಿ ಹಾಡುವಾಗ ಅವರೆಲ್ಲರ ದನಿಯನ್ನು ಒಂದು ಶ್ರುತಿಗೆ ತರಲು ಇದಕ್ಕಿಂತ ಒಳ್ಳೆಯ ಸಾಧನ ನಮಗಂತೂ ಕಂಡಿಲ್ಲ. ಈಗ ಕೆಲವರು ಮೊಬೈಲಿನಲ್ಲಿಯೇ ತಂಬೂರಿ ಶ್ರುತಿ ಹಾಕಿಕೊಳ್ಳುತ್ತಾರೆ. ಅದನ್ನೂ ಮಾಸ್ತರರು ಬೇಡವೆನ್ನುವುದಿಲ್ಲ.

ಹೊರಡುವಾಗ ಹತ್ತಿರದ ಓಣಿಯಿಂದ ಶಹನಾಯಿಯ ದನಿ ಬಂತು. ಭಜಂತ್ರಿ ಮನೆತನದ ಅಜ್ಜರೊಬ್ಬರು ಮೊಮ್ಮಗನಿಗೆ ಊದುವುದನ್ನು ಕಲಿಸುತ್ತಿದ್ದರು. ಹುಡುಗ ಒಂದೇ ಸ್ವರವನ್ನು ಉಸಿರು ಕಟ್ಟುವವರೆಗೆ ಎಳೆಯಬೇಕು. ಅಜ್ಜರು ಗಡಿಯಾರ ನೋಡುತ್ತಿರಲಿಲ್ಲ, ಹುಡುಗನ ಗಲ್ಲ ನೋಡುತ್ತಿದ್ದರು. ಬೇರೆ ಮನೆಗಳ ಮಕ್ಕಳು ಕಲಿಯಲು ಬರುತ್ತಾರೆಯೇ ಎಂದು ಪೇಟಿ ಮಾಸ್ತರರನ್ನು ಕೇಳಿದೆವು. "ಪೇಟಿ, ತಬಲಾಕ್ಕ ಬರ್ತಾರ. ಸನಾದಿಗೆ ಯಾರು ಕಳಸ್ತಾರ್ರಿ?" ಎಂದರು. ಮದುವೆಗೂ ಪಲ್ಲಕ್ಕಿಗೂ ಆ ವಾದ್ಯ ಬೇಕು, ಅದನ್ನು ಹಿಡಿಯಲು ನಮ್ಮ ಮಕ್ಕಳು ಬೇಡ. ಢಕ್ಕೆ ಬಾರಿಸಿ ಬದುಕಿದ ಬೊಮ್ಮಣ್ಣನವರನ್ನೂ ಕಿನ್ನರಿ ಹಿಡಿದ ಬೊಮ್ಮಯ್ಯನವರನ್ನೂ ಶರಣರೆಂದು ನಾವು ವೇದಿಕೆಯ ಮೇಲೆ ಕೊಂಡಾಡುತ್ತೇವೆ. ಇದೇ ರಾಯಚೂರು ಜಿಲ್ಲೆಯ ವಡವಾಟಿಯಲ್ಲಿ ಹುಟ್ಟಿದ ಪಂಡಿತ ನರಸಿಂಹಲು ವಡವಾಟಿಯವರು, ಬ್ಯಾಂಡಿನವರ ವಾದ್ಯವೆಂದು ಕಡೆಗಣಿಸಲ್ಪಟ್ಟ ಕ್ಲಾರಿಯೋನೆಟ್ಟನ್ನು ಹಿಂದುಸ್ತಾನಿ ಸಂಗೀತದ ವೇದಿಕೆಗೆ ಏರಿಸಿದರು. ಆದರೂ ಆ ಓಣಿಯ ಪಾಠ ಆ ಓಣಿಯಲ್ಲಿಯೇ ಉಳಿದಿದೆ. ಈ ವಿಷಯವನ್ನು ಇನ್ನೊಮ್ಮೆ ವಿವರವಾಗಿ ಬರೆಯಬೇಕೆಂದಿದ್ದೇವೆ.

ಮಸ್ಕಿಯಿಂದ ಲಿಂಗಸುಗೂರಿಗೆ ಮತ್ತೆ ಬಸ್ಸು. ಕೃಷಿ ಜ್ಞಾನ ಪ್ರದೀಪಿಕೆಯನ್ನು ಬರೆದ ಘನಮಠ ಶಿವಯೋಗಿಗಳ ಸಂತೆಕೆಲ್ಲೂರು ಇದೇ ಸೀಮೆಯದು. ಈ ಸಲ ಅಲ್ಲಿಗೆ ಹೋಗಲಾಗಲಿಲ್ಲ. ಲಿಂಗಸುಗೂರು ಹಿಂದೆ ದಂಡಿನ ಛಾವಣಿಯಾಗಿದ್ದ ಊರು. ನಿಜಾಮರ ಕಾಲದಲ್ಲಿ ೧೯೦೫ರವರೆಗೆ ಜಿಲ್ಲಾ ಕೇಂದ್ರವೂ ಆಗಿತ್ತು. ಹಟ್ಟಿ ಚಿನ್ನದ ಗಣಿ ಇದೇ ತಾಲ್ಲೂಕಿನಲ್ಲಿದೆ. ತಿಂಗಳ ಸಂಬಳ ತಪ್ಪದೆ ಬರುವ ಗಣಿ ಕೆಲಸಗಾರರ ಮನೆಗಳಿರುವುದರಿಂದ ಪಾಠದ ಹಣ ಅಲ್ಲಿ ಸ್ವಲ್ಪ ಸರಿಯಾಗಿ ಬರುತ್ತದೆಂದು ಪೇಟಿ ಮಾಸ್ತರರು ತಿಳಿಸಿದ್ದರು. ತಬಲ ಮಾಸ್ತರರು ಅಲ್ಲಿಗೆ ಹೋದುದರ ಗುಟ್ಟು ಆಗ ತಿಳಿಯಿತು.

ಬಾಗಿಲಲ್ಲಿ ನಿಂತು "ಶರಣು" ಎಂದೆವಷ್ಟೆ. ಒಳಗಿನಿಂದ, "ಶಾಸ್ತ್ರಿಗಳ! ದನಿ ಗುರುತು ಹತ್ತಿತ್ರಿ. ಬರ್ರಿ, ಕುಂದರ್ರಿ" ಎಂದರು. ಒಬ್ಬ ಹುಡುಗ ಪಾಠದಲ್ಲಿದ್ದ. ನಮ್ಮನ್ನು ಕೂರಿಸಿ, ಪಾಠ ಮುಗಿಯುವವರೆಗೆ ಅವರು ನಮ್ಮೊಡನೆ ಮಾತನಾಡಲಿಲ್ಲ. ಅದು ನಮಗೆ ಹಿತವೆನಿಸಿತು. ತೀನತಾಲದ ಹದಿನಾರು ಮಾತ್ರೆಗಳನ್ನು ಹುಡುಗ ಮೊದಲು ಕೈಯ ಮೇಲೆ ತಾಳ ಹಾಕುತ್ತ ಬಾಯಿಂದ ಹೇಳಬೇಕು. ಒಂಬತ್ತನೆಯ ಮಾತ್ರೆ ಖಾಲಿ, ಅಲ್ಲಿ ಕೈ ತಟ್ಟದೆ ಬೀಸಬೇಕು. ಬಾಯಿಗೆ ಬಂದದ್ದು ಬೆರಳಿಗೆ ಬರಬೇಕು. 'ನಾ' ಎಂಬ ಅಕ್ಷರಕ್ಕೆ ಉಂಗುರ ಬೆರಳು ಕರಣೆಯ ಅಂಚಿನ ಮೇಲೆ ಹಗುರಾಗಿ ನಿಂತಿರಬೇಕು, ತೋರುಬೆರಳು ಕಂಠದ ಮೇಲೆ ಬೀಳಬೇಕು. ಹುಡುಗನ ಬೆರಳು ಎರಡು ನೂಲಿನಷ್ಟು ಒಳಗೆ ಬಿದ್ದುದನ್ನು ಆ ಕಣ್ಣಿಲ್ಲದವರು ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದರು. ಸಣ್ಣ ಸುತ್ತಿಗೆಯಿಂದ ತಬಲದ ಗಟ್ಟೆಯನ್ನು ತಟ್ಟಿ ಶ್ರುತಿ ಸರಿಮಾಡುವಾಗ ಮಾತ್ರ ಅವರ ಮುಖದಲ್ಲಿ ನಮ್ಮ ಹಿಂದಿನ ಶ್ರಾವಣದ ಗೆಳೆಯರು ಕಾಣಿಸಿಕೊಂಡರು.

ಹುಡುಗ ಹೋದ ಮೇಲೆ ನಾವು ಬಂದ ಕಾರಣವನ್ನು ಹೇಳಿದೆವು. ತಪ್ಪಾಯಿತೆಂದೂ ಹೇಳಿದೆವು. ಅರವತ್ತು ದಾಟಿದವರಿಗೆ ಈ ಮಾತು ಸುಲಭವಾಗಿ ಬರುವುದಿಲ್ಲ. ಅವರು ತುಸು ಹೊತ್ತು ಸುಮ್ಮನಿದ್ದು, "ನೀವು ಅದನ್ನ ಹೇಳಿದಾಗ ನಾನೂ ಚಪ್ಪಾಳಿ ಹೊಡದಿದ್ನಿರಿ" ಎಂದರು. "ನಮ್ಮ ಅಜ್ಜಾರು ನಮಗ ರೊಕ್ಕ ಕೇಳಲಿಲ್ಲಲ್ರಿ. ಊಟ ಹಾಕಿ ಕಲಿಸಿದ್ರು. ಅದ ನೆನಪಾಗಿ ಹೊಡದೆ." ಅಜ್ಜಾರು ಎಂದರೆ ಲಿಂಗೈಕ್ಯ ಪುಟ್ಟರಾಜ ಗವಾಯಿಗಳು.

ಅಷ್ಟರಲ್ಲಿ ಚಹಾ ತಂದಿಟ್ಟ ಅವರ ಮನೆಯವರು ಬಾಗಿಲ ಮರೆಯಲ್ಲಿ ನಿಲ್ಲದೆ ಮುಂದೆ ಬಂದು ನಿಂತರು. "ನೀವು ಹೇಳಿದ್ದು ಖರೆ ಇರಬಹುದ್ರಿ, ಶಾಸ್ತ್ರಿಗಳ. ಆದ್ರ ಅಕ್ಕಿ ಅಂಗಡ್ಯಾವ ನಿಮ್ಮ ಪುರಾಣಕ್ಕ ಬಂದಿದ್ದಿಲ್ರಿ." ಮಾಸ್ತರರು ಆಕೆಯನ್ನು ತಡೆಯಹೋದರು. ನಾವು ತಡೆಯಬೇಡಿರೆಂದೆವು. ಆ ತಾಯಿ ಮತ್ತೇನೂ ಹೇಳದೆ ಚಹಾದ ಬಟ್ಟಲನ್ನು ನಮ್ಮ ಕೈಗೆ ಕೊಟ್ಟರು.

ಬಸ್ ನಿಲ್ದಾಣದಲ್ಲಿ ಕುಳಿತು ನಮ್ಮ ತಪ್ಪು ಎಲ್ಲಿತ್ತೆಂದು ಯೋಚಿಸಿದೆವು. ಹುಟ್ಟು ಅಂಧರಾಗಿದ್ದ ಬಾಲಕ ಗದಿಗೆಯ್ಯನನ್ನು ಹಾನಗಲ್ಲ ಕುಮಾರ ಶಿವಯೋಗಿಗಳು ಕರೆತಂದು, ಹಣ ಕೊಟ್ಟು ದೊಡ್ಡ ಗುರುಗಳಲ್ಲಿ ಕಲಿಸಿ ಪಂಚಾಕ್ಷರಿ ಗವಾಯಿಗಳನ್ನಾಗಿ ಮಾಡಿದರು. ಪಂಚಾಕ್ಷರಿ ಗವಾಯಿಗಳು ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗಿ, ಅನಂತರ ಗದುಗಿನಲ್ಲಿ ನೆಲೆನಿಂತು, ೧೯೪೪ರ ಜೂನ್ ೧೧ರಂದು ಲಿಂಗೈಕ್ಯರಾದರು. ಆ ಭಾರವನ್ನು ಹೊತ್ತ ಪುಟ್ಟರಾಜ ಗವಾಯಿಗಳು ೨೦೧೦ರ ಸೆಪ್ಟೆಂಬರ್ ೧೭ರವರೆಗೆ ಅದನ್ನು ನಡೆಸಿದರು. ಅಲ್ಲಿ ಶಿಷ್ಯರಿಂದ ಹಣ ಕೇಳಲಿಲ್ಲವೆಂಬುದು ನಿಜ. ಆದರೆ ಹಣವಿಲ್ಲದೆ ಅದು ನಡೆಯಿತೆಂಬುದು ಸುಳ್ಳು. ಜೋಳಿಗೆಗೆ ಬಿದ್ದ ಜೋಳ, ಭಕ್ತರು ಹೇರಿ ಕಳುಹಿದ ಚೀಲಗಳು, ಪುಣ್ಯಾಶ್ರಮದ ನಾಟಕ ಕಂಪನಿಯವರು ರಾತ್ರಿಯೆಲ್ಲ ಬಣ್ಣ ಹಚ್ಚಿ ದುಡಿದು ತಂದ ಕಾಸು, ಇವು ಆ ಪಾಠದ ಬೆಲೆಯನ್ನು ತೆತ್ತವು. ಅಲ್ಲಿ ಕಲಿತವರು ಒಂದು ಊರಿಗೆ ಬಂದು ಬಾಡಿಗೆ ಮನೆ ಹಿಡಿದಾಗ ಅವರ ಹಿಂದೆ ಜೋಳಿಗೆ ಬರುವುದಿಲ್ಲ. ಹನ್ನೆರಡನೆಯ ವಯಸ್ಸಿನಿಂದ ಮಠದ ಪಂಕ್ತಿಯಲ್ಲಿ ಉಂಡು, ಇಂದಿಗೂ ಹೋದ ಊರಿನಲ್ಲಿ ಬಿಸಿ ಪ್ರಸಾದ ಪಡೆಯುವ ನಮಗೆ ಇದು ತೋಚಿರಲಿಲ್ಲ. ದಾಸೋಹವು ತನ್ನ ಕಾಯಕದಿಂದ ಹುಟ್ಟಬೇಕು. ಇನ್ನೊಬ್ಬರ ಕಾಯಕವನ್ನು ದಾಸೋಹವೆಂದು ಕರೆದು ಪುಕ್ಕಟೆ ಪಡೆಯುವುದಕ್ಕೆ ಶರಣರಲ್ಲಿ ಹೆಸರಿಲ್ಲ.

ಎದುರಿಗೆ ಗುರುಗುಂಟಾದ ಬಸ್ಸು ನಿಂತಿತ್ತು. ಅದರ ಸಮೀಪದ ಅಮರೇಶ್ವರವು ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಊರೆಂಬುದನ್ನು ಓದುಗರು ಬಲ್ಲರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾ ಎಂದವಳು ಲಕ್ಕಮ್ಮ. ಆ ಕಥೆಯನ್ನು ನೂರಾರು ವೇದಿಕೆಗಳಲ್ಲಿ ಹೇಳಿದ್ದೇವೆ. ಹೆಚ್ಚು ಬೇಡವೆಂದದ್ದನ್ನು ಒತ್ತಿ ಹೇಳುತ್ತಿದ್ದೆವು, ಸಲ್ಲುವಷ್ಟು ಪಡೆಯಲೇಬೇಕೆಂಬುದು ಅದರಲ್ಲಿಯೇ ಇದ್ದುದನ್ನು ಗಮನಿಸಿರಲಿಲ್ಲ. ಅಮರೇಶ್ವರನ ದರ್ಶನಕ್ಕೆ ಹೋಗಿ ಬರಲು ಹೊತ್ತಿರಲಿಲ್ಲ. ಹೋಗುವ ಮುಖವೂ ಇರಲಿಲ್ಲ. ಸಿಂಧನೂರಿನ ಬಸ್ಸು ಹತ್ತಿದೆವು.

ಪುರಾಣ ಮಂಗಲದ ದಿನ ಜನ ಹೆಚ್ಚು ಸೇರುತ್ತಾರೆಂದು ಅಂದಿನವರೆಗೆ ಕಾದೆವು. ತಬಲ ಮಾಸ್ತರರನ್ನು ಸಾಥ್‌ಗೆ ಆಹ್ವಾನಿಸಿದ್ದೆವು. ಹಟ್ಟಿಯಲ್ಲಿ ಪಾಠವಿದೆಯೆಂದು ಅವರು ಬರಲಿಲ್ಲ. ಕಳೆದ ವರ್ಷ ಇದೇ ಆಸನದಲ್ಲಿ ಕುಳಿತು ನಾವು ಆಡಿದ ಮಾತು ತಪ್ಪು, ಆ ಮಾತಿನ ಆಸರೆಯಿಂದ ಯಾರಾದರೂ ಕೊಡಬೇಕಾದ ಹಣವನ್ನು ಕೊಡದಿದ್ದರೆ ಆ ಪಾಪದಲ್ಲಿ ನಮ್ಮ ಪಾಲೂ ಇದೆ ಎಂದೆವು. ಈ ಸಲ ಚಪ್ಪಾಳೆ ಬೀಳಲಿಲ್ಲ. ಗವಾಯಿಗಳು ಪೇಟಿಯ ತಿದಿಯನ್ನು ಹಿಡಿದುಕೊಂಡೇ ತಲೆ ತಗ್ಗಿಸಿ ಕುಳಿತಿದ್ದರು.

ಮರುದಿನ ಬೆಳಗ್ಗೆ ವ್ಯಾಪಾರಿಗಳೊಬ್ಬರು ಮಗನನ್ನು ಕರೆದುಕೊಂಡು ನಮ್ಮ ಬಿಡಾರಕ್ಕೆ ಬಂದರು. ಮೂರು ತಿಂಗಳ ಹಣವನ್ನು ಲಕೋಟೆಯಲ್ಲಿಟ್ಟು, ಮಾಸ್ತರರಿಗೆ ತಲುಪಿಸಬೇಕೆಂದು ನಮ್ಮ ಪಾದದ ಬಳಿ ಇಟ್ಟರು. ನಾವು ಮುಟ್ಟಲಿಲ್ಲ. "ನಡೆಯಿರಿ, ಕೂಡಿಯೇ ಹೋಗೋಣ" ಎಂದು ಅವರ ಕಾರಿನಲ್ಲಿಯೇ ಮತ್ತೆ ಲಿಂಗಸುಗೂರಿಗೆ ಹೋದೆವು.

ಲಕೋಟೆಯನ್ನು ಬಿಚ್ಚಿ ಎಣಿಸಿದವರು ಮಾಸ್ತರರ ಮನೆಯವರು. ೮೦೦ ರೂಪಾಯಿ ತೆಗೆದುಕೊಂಡು ೪೦೦ ರೂಪಾಯಿಯನ್ನು ಹಿಂದಕ್ಕೆ ಚಾಚಿ, "ಮೂರನೇ ತಿಂಗಳು ನಾವು ಇಲ್ಲಿಗೆ ಬಂದಿದ್ವಿರಿ. ಕಲಿಸಲಾರದ್ದಕ್ಕ ಹ್ಯಾಂಗ ತಗೋಬೇಕು?" ಎಂದರು. ವ್ಯಾಪಾರಿಗಳು ಎಷ್ಟು ಹೇಳಿದರೂ ಆಕೆ ಕೇಳಲಿಲ್ಲ. ಮಾಸ್ತರರಿಗೆ ಈ ಲೆಕ್ಕದಲ್ಲಿ ಮನಸ್ಸಿರಲಿಲ್ಲ. ಹುಡುಗನನ್ನು ಹತ್ತಿರ ಕರೆದು ತಬಲದ ಮುಂದೆ ಕೂರಿಸಿದರು. ಅವನು ಕೆಹರವಾ ನುಡಿಸಿದ. ನಾಲ್ಕು ಆವರ್ತನ ಕೇಳಿ ಕೈ ಎತ್ತಿ ನಿಲ್ಲಿಸಿದರು.

"ಎಡಗೈ ನಿದ್ದಿ ಹೋಗೇದ. ಡಗ್ಗಾದಿಂದ ಮತ್ತ ಸುರು ಮಾಡಬೇಕು."

ಸಿಂಧನೂರಿನಿಂದ ಇಷ್ಟು ದೂರ ಹುಡುಗನನ್ನು ಕಳುಹಿಸುವುದು ಹೇಗೆಂದು ತಂದೆ ಚಿಂತಿಸಿದರು. ಐತವಾರ ಮುಂಜಾನೆ ತಾವು ಮಸ್ಕಿಗೆ ಬರುವುದಾಗಿಯೂ ಪೇಟಿ ಮಾಸ್ತರರ ಪಡಸಾಲೆಯಲ್ಲಿ ಪಾಠ ಮಾಡಬಹುದೆಂದೂ ಮಾಸ್ತರರು ಹೇಳಿದರು. ತಂದೆ ಜೇಬಿನಿಂದ ಪೆನ್ನು ತೆಗೆದು ಅದೇ ಲಕೋಟೆಯ ಹಿಂಭಾಗದಲ್ಲಿ ಬಸ್ಸಿನ ಹೊತ್ತನ್ನು ಬರೆದುಕೊಂಡರು.